ಕುರ್ಚಿ ಇಟ್ಟವರ ಜಾಗ

ಲೆಮ್ಯುಯಲ್ ಪ್ರೂಯಿಟ್ ಅವರನ್ನು ರೋಜಿ ಹುಡಾಕ್ ಮೊದಲ ಸಲ ಕಂಡಾಗ, ಅವರು ರೋಜಿಯ ಕುರ್ಚಿಯನ್ನೇ ಎತ್ತಿಕೊಂಡು ಮನೆ ಮೆಟ್ಟಿಲ ಮೇಲೆ ನಿಂತಿದ್ದರು.

"ಮೇಡಂ, ಇದು ನಿಮ್ದಾ? ರಸ್ತೇಲಿ ಬಿದ್ದಿತ್ತು."

ಪಿಟ್ಸ್‌ಬರ್ಗಿನ ಆ ಗುಡ್ಡದ ಬೀದಿಯಲ್ಲಿ ಚಳಿಗಾಲದಲ್ಲಿ ಕುರ್ಚಿ ರಸ್ತೆಗೆ ಬೀಳುವುದಿಲ್ಲ, ಅದನ್ನು ಅಲ್ಲಿ ಇಡುತ್ತಾರೆ. ಕಾರು ನಿಲ್ಲುವಷ್ಟು ಜಾಗದ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕಿ ಯಾರು ಕುರ್ಚಿ ಇಟ್ಟರೋ ಆ ಜಾಗ ಅವರದ್ದು. ಸೊಂಟದ ಆಪರೇಷನ್ ಆದ ತಂಗಿ ಲುದ್ಮಿಲಾ ಮಧ್ಯಾಹ್ನ ಆಸ್ಪತ್ರೆಯಿಂದ ಬರುವವಳಿದ್ದಳು. ಕಾರು ಬಾಗಿಲಲ್ಲೇ ನಿಲ್ಲದಿದ್ದರೆ ಅವಳು ಜಾರುವ ಮಂಜುಗಡ್ಡೆಯ ಮೇಲೆ ನಡೆದು ಬರಬೇಕು. ಅದಕ್ಕೇ ರೋಜಿ ಬೆಳಗಿನಿಂದ ಸಲಿಕೆ ಹಿಡಿದದ್ದು. ಈಗ ನೋಡಿದರೆ ಅಲ್ಲಿ ದಕ್ಷಿಣದ ಜಾರ್ಜಿಯಾ ರಾಜ್ಯದ ನಂಬರ್ ಪ್ಲೇಟಿನ ನೀಲಿ ಕಾರೊಂದು ಹಾಯಾಗಿ ನಿಂತಿದೆ!

"ನನ್ನ ಸೊಂಟ ಮುರಿದುಕೊಂಡು ಮಾಡಿದ ಜಾಗ ಕಣ್ರೀ ಅದು. ತೆಗೀರಿ ಕಾರು!"

"ನಿಮ್ಮದು ಅಂತ ಎಲ್ಲಿ ಬರೆದಿದೆ?"

"ಬರೆದಿದ್ರೂ ನಂಗೆ ಓದೋಕೆ ಬರೋದು ಅಷ್ಟಕ್ಕಷ್ಟೆ. ಇಲ್ಲಿ ಎಲ್ಲರಿಗೂ ಗೊತ್ತು."

ಪ್ರೂಯಿಟ್ ನಿವೃತ್ತ ಮೇಷ್ಟ್ರು; ಅವರ ಮುಖ ಅರಳಿತು. "ಓಹೋ, ಟ್ಯಾಸಿಟ್!"

"ಬೈತಿದೀರಾ?"

"ಛೇ, ಇಲ್ಲ. ಯಾರೂ ಬಾಯಿಬಿಟ್ಟು ಹೇಳಿರಲ್ಲ, ಆದ್ರೆ ಎಲ್ಲರೂ ಒಪ್ಪಿರ್ತಾರೆ. ಅಂಥ ಒಪ್ಪಂದಕ್ಕೆ ಹಾಗಂತಾರೆ. ಆದ್ರೆ ನಾನು ಈ ಬೀದಿಗೆ ನಿನ್ನೆ ಬಂದವನು. ನಾನು ಯಾವಾಗ ಒಪ್ಪಿದೆ?"

ರೋಜಿ ಅವರ ಬೂಟುಗಳನ್ನು ನೋಡಿದರು. ಒಣಗಿದ್ದವು.

"ನಿಮ್ಮ ಬಾಗಿಲಿಂದ ಇಲ್ಲಿವರೆಗೆ ದಾರಿ ಯಾರು ಮಾಡಿದ್ದು? ನೀವಾ?"

ಪ್ರೂಯಿಟ್ ಹಿಂತಿರುಗಿ ನೋಡಿದರು. ಅವರ ಮನೆ ಮುಂದೆಯೂ ಯಾರೋ ಹಿಮ ಸರಿಸಿ, ಮಂಜುಗಡ್ಡೆ ಕರಗಲೆಂದು ಉಪ್ಪು ಎರಚಿದ್ದರು. ಗಹಗಹಿಸಿ ನಕ್ಕುಬಿಟ್ಟರು.

"ಸರಿ ತಾಯಿ, ಆ ದಾರೀಲಿ ನಡ್ಕೊಂಡು ಬಂದಾಗ್ಲೇ ಗೊತ್ತಿಲ್ದೇನೇ ಒಪ್ಪಿಬಿಟ್ಟಿದೀನಿ."

ಕಾರು ತೆಗೆದರು. ನಿಲ್ಲಿಸಲು ಬೇರೆಲ್ಲೂ ಜಾಗವಿಲ್ಲದೆ ಬೀದಿ ಸುತ್ತುತ್ತಿದ್ದುದನ್ನು ಕಂಡು ರೋಜಿ ಸಲಿಕೆ ಹಿಡಿದು ಎದುರು ಬದಿಗೆ ಹೋದರು. ಅವರೂ ಇಳಿದು ಬಂದು ಕೈಹಾಕಿದರು. ಲುದ್ಮಿಲಾ ಬಂದಾಗ ಒಂದು ಕೈ ರೋಜಿ ಹಿಡಿದರೆ ಇನ್ನೊಂದನ್ನು ಹಿಡಿದದ್ದು ಪ್ರೂಯಿಟ್.

ಆಮೇಲೆ ರೋಜಿಗೆ ಆ ಪದದ ಹುಚ್ಚು ಹಿಡಿಯಿತು.

"ನಾದಿನಿ ನನ್ನ ಹತ್ರ ಮಾತು ಬಿಟ್ಟಿದಾಳೆ. ಪೂರ್ತಿ ಟ್ಯಾಸಿಟ್!"

"ಅದು ಬರೀ ಜಗಳ ರೋಜಿ. ಬಾಯಿ ಮುಚ್ಕೊಂಡಿದ್ರೆ ಸಾಲದು, ಒಳಗೆ ಒಪ್ಪಿಗೆ ಇರ್ಬೇಕು."

ರೋಜಿ ಯೋಚಿಸಿದರು. "ನಾನು ಶುಕ್ರವಾರ ಪಿರೋಹಿ ಕಡುಬು ಕಳಿಸ್ತೀನಿ. ನೀವು ತಟ್ಟೆ ಖಾಲಿ ವಾಪಸ್ ಕೊಡಲ್ಲ, ಪೀಚ್ ಹಣ್ಣಿನ ಜ್ಯಾಮ್ ಇಟ್ಟೇ ಕೊಡ್ತೀರಿ. ಇದು?"

"ಇದು ಅಪ್ಪಟ ಟ್ಯಾಸಿಟ್!"

ಹೀಗೆ ಹಲವು ಚಳಿಗಾಲ ಕಳೆದವು. ಕೊನೆಗೆ ಪ್ರೂಯಿಟ್ ಅವರ ಮಂಡಿ ಆ ಗುಡ್ಡ ಹತ್ತುವುದಿಲ್ಲ ಎಂದು ಹಟ ಹಿಡಿಯಿತು. ಜಾರ್ಜಿಯಾದಲ್ಲಿ ಅಣ್ಣನ ಮನೆಯ ಹತ್ತಿರ ಸಪಾಟು ನೆಲದ ಮನೆ ಹಿಡಿದರು. ಹೊರಟ ದಿನ ಸಾಮಾನೆಲ್ಲ ಏರಿಸಿ, ಕಾರಿನ ಗಾಜು ಇಳಿಸಿ ಕೇಳಿದರು:

"ರೋಜಿ, ನನ್ನ ಮನೆಗೆ ಹೊಸಬರು ಬರ್ತಾರಲ್ಲ, ಅವರಿಗೆ ಎಲ್ಲಾ ಮೊದಲೇ ಬಾಯಿಬಿಟ್ಟು ಹೇಳ್ತೀರೋ, ಇಲ್ಲ ಅವರೂ ನನ್ನ ಹಾಗೆ ಬೈಸ್ಕೊಂಡೇ ಕಲೀಬೇಕೋ?"