ಮೆಣಸಿನಕಾಯಿ ಘಾಟಿನ ಕಂಪ್ಯೂಟರ್

ಮೊಮ್ಮಕ್ಕಳೇ, ಈ ಬೆಳಿಗ್ಗೆ ನೀವಿಬ್ಬರೂ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಧೂಳು ಊದಿದಿರಿ, ಆಮೇಲೆ ಊಟದ ಹೊತ್ತಿನವರೆಗೂ ಸೀನಿದಿರಿ. "ಆಯಿ, ಇದರಾಗ ಖಾರದಪುಡಿ ಇಟ್ಟೀಯೇನು?" ಎಂದಿರಿ. ನಾನು ನಕ್ಕು ಅಡುಗೆಮನೆಗೆ ಹೋದೆ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ, ಬರೆಯಲು ಅಷ್ಟಿಲ್ಲ.

ಅದು ಬ್ಯಾಡಗಿಯಲ್ಲಿದ್ದ ನಿಮ್ಮ ಅಜ್ಜನ ಅಂಗಡಿಯದು. ಮೆಣಸಿನಕಾಯಿ ಚೀಲಗಳ ನಡುವೆ ಕೂತು ಅಲ್ಲಿನ ಘಾಟನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿತ್ತು. ಅವರು ಹೋದ ಮೇಲೆ ಅಂಗಡಿ ನನ್ನ ಮೈದುನನಿಗೆ ಹೋಯಿತು, ಕಂಪ್ಯೂಟರ್ ನಮ್ಮ ಪಡಸಾಲೆಗೆ ಬಂತು. ಅಷ್ಟರಲ್ಲಿ ನನ್ನ ಬೆರಳ ಗಂಟುಗಳು ಬಿಗಿದು ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ನೀವು ನೋಡದ ಅಜ್ಜನ ಬಗ್ಗೆ ನಿಮಗಾಗಿ ಬರೆದಿಡಬೇಕೆಂಬ ಆಸೆ ಮಾತ್ರ ಉಳಿದಿತ್ತು. ಕೀಲಿ ಒತ್ತಲು ಒಂದೇ ಬೆರಳು ಸಾಕು. ಆದರೆ ಅದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ, ನನಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ.

ನಿಮ್ಮ ಅವ್ವ ರಾಣೆಬೆನ್ನೂರಿನಿಂದ ಪುಕ್ಕಟೆ ಸಿಗುವ ಕನ್ನಡ ತಂತ್ರಾಂಶದ ಸಿಡಿ ತಂದಳು. ಹಾಕಿದರೆ ಯಂತ್ರ ಗುರ್ರೆಂದು ಅಲ್ಲಿಗೇ ನಿಂತಿತು.

"ವೈನಿ, ಇದಕ್ಕ ವಯಸ್ಸಾಗೇತಿ. ಸಂತಿ ದಿನ ಗುಜರಿಯಾಂವ ಬರ್ತಾನ, ಕೊಟ್ಟುಬಿಡೋಣು," ಎಂದ ಮೈದುನ.

"ನನಗೂ ವಯಸ್ಸಾಗೇತಿ. ನನ್ನೂ ಕೊಡ್ತೀಯೇನು?"

ಅವನ ಮುಂದೆ ನಾನು ಅಷ್ಟು ಮಾತಾಡಿದ್ದೇ ಅಪರೂಪ. ಅವನಿಗಿಂತ ನನಗೇ ಹೆಚ್ಚು ಗಾಬರಿಯಾಯಿತು.

ಸಂತೆಗೆ ಮೊದಲೇ ನಿಮ್ಮ ಅವ್ವನ ಬೆನ್ನ ಹಿಂದೆ ಅಡಗಿಕೊಂಡು ಹಾವೇರಿಯ ಕಂಪ್ಯೂಟರ್ ಅಂಗಡಿಗೆ ಹೋದೆ. "ಹಳೇ ಮಷೀನಿಗೆ ಈ ಸಿಡಿ ಹತ್ತಂಗಿಲ್ರಿ, ಹೊಸಾ ಮಷೀನು ತಗೋರಿ," ಎಂದ ಅಂಗಡಿಯವನು. ಅವ್ವ ಹೊರಡಲು ಚಪ್ಪಲಿ ಮೆಟ್ಟಿದಳು. ನನಗೆ ನನ್ನ ಹೊಲಿಗೆ ಯಂತ್ರದ ನೆನಪಾಯಿತು. ಅದಕ್ಕೂ ದಾರ ಸುತ್ತುವ ಹೊಸ ಬಾಬಿನ್ ಕೂರುವುದಿಲ್ಲ, ಹಳೆಯದನ್ನೇ ಕೇಳಿ ತರಬೇಕು.

"ತಮ್ಮಾ, ಇದು ಬರೂಕಿಂತ ಮೊದಲಿಂದು ಒಂದು ಇದ್ದಿರಬೇಕಲ್ಲ?"

ಅವನು ಬಗ್ಗಿ ಒಂದು ಖಾನೆಯೆಲ್ಲ ಹುಡುಕಿದ. "ಐತ್ರಿ ಅಮ್ಮಾರ, ಹಳೇ ಸಿಡಿ. ಇದನ್ನ ಯಾರೂ ಕೇಳಂಗಿಲ್ಲ. ಒಯ್ರಿ."

ಆ ಸಂಜೆ ಹಳೆಯ ಸಿಡಿ ಹಾಕಿದೆವು, ಯಂತ್ರದಲ್ಲಿ ಕನ್ನಡ ಮೂಡಿತು. "ಏನರ ಒಂದು ಬರಿ," ಎಂದಳು ನಿಮ್ಮ ಅವ್ವ. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹಿಡಿದು ಹೇಳುವವರಲ್ಲ; ನನಗೆ ಜೀವಮಾನವೆಲ್ಲ ಅವರು 'ಅವರು' ಅಷ್ಟೇ. ಬೆರಳು ಬಹಳ ಹೊತ್ತು ಅಕ್ಷರ ಹುಡುಕಿತು. ಚನ್ನಬಸಪ್ಪ.

ಮೈದುನ ಬಗ್ಗಿ ಓದಿದ. "ಅಣ್ಣನ ಹೆಸರು ತಗೊಂಡ್ರಿ, ವೈನಿ."

"ಬಾಯಿಲೆ ಅಂದಿಲ್ಲೋ."

ಅಳಿಸಲು ಕೈ ಮುಂದೆ ಮಾಡಿದೆ. ಅವನು ತಡೆದ. "ಬ್ಯಾಡ್ರಿ. ಇರಲಿ." ಗುಜರಿಯವನ ಮಾತು ಮತ್ತೆ ಬರಲಿಲ್ಲ.

ಮಕ್ಕಳೇ, ಡಬ್ಬಿ ಮುಚ್ಚುವಾಗ ಸ್ವಲ್ಪ ಧೂಳು ಒಳಗೇ ಬಿಡಿ. ಬಿಚ್ಚಿದ ಡಬ್ಬಿಯ ಮುಂದೆ ಕೂತು ಇದನ್ನು ಬರೆಯುತ್ತ, ಮನೆಯಲ್ಲಿ ಯಾರೂ ಇಲ್ಲವೆಂದು ಅವರ ಹೆಸರನ್ನು ಒಮ್ಮೆ ಬಾಯಿಬಿಟ್ಟು ಅಂದೆ. ಸೀನು ಬಂತು. ನಾಳೆ ಊಟಕ್ಕೆ ಕೂತಾಗ ಕೇಳಿರಿ, ಆ ಹೆಸರನ್ನು ನಿಮ್ಮೆದುರಿಗೇ ಹೇಳುತ್ತೇನೆ.