ಗಂಗವ್ವ ಹೇಳದ ಹೆಸರು

ಗಂಗವ್ವನನ್ನು ತಕ್ಕಡಿಗಿಟ್ಟರೆ ನಲವತ್ತೆರಡು ಕೇಜಿ. ಅದರಲ್ಲೇ ಇಳಕಲ್ ಸೀರೆ, ಸ್ವೆಟರು, ಹಟ ಎಲ್ಲ ಸೇರಿತು. ಎಂಬತ್ತಮೂರು ವರ್ಷದ ಹಳೆಯ ಮಾಲು, ಆದರೂ ಚೌಕಾಸಿಗೆ ಬಗ್ಗುವುದಿಲ್ಲ. ಹ್ಯಾಮಿಲ್ಟನ್ನಿನ ನನ್ನ ಅಂಗಡಿಯಲ್ಲಿ ಜೋಳದ ಹಿಟ್ಟು ಮೂಸಿ, "ಇದು ಹೋದ ವರ್ಷದ್ದು, ತಮ್ಮಾ" ಎಂದು ಗಿರಾಕಿಗಳೆದುರೇ ಹೇಳುವವಳು.

ಹೋದ ತಿಂಗಳು ಮಗ ಶಿವರಾಜ್ ಅವಳನ್ನು ಕ್ಲಿನಿಕ್ಕಿಗೆ ಕರೆದೊಯ್ದ. ಕೌಂಟರಿನ ಹುಡುಗಿ ಫಾರಂ ತುಂಬುತ್ತಾ ಗಂಡನ ಹೆಸರು ಕೇಳಿದಳು. ಗಂಗವ್ವ ಗೋಡೆ ನೋಡಿದಳು.

"ಅಜ್ಜಿ, ಜಸ್ಟ್ ಟೆಲ್ ಹರ್!" ಎಂದಳು ಜೊತೆಗೆ ಬಂದಿದ್ದ ಮೊಮ್ಮಗಳು ಸ್ನೇಹಲ್.

"ಬಂದೂಕಿಗೆ ಹೇಳದ್ದು ಬಾಲ್‌ಪೆನ್ನಿಗೆ ಹೇಳ್ತೀನೇನು?"

ಬಂದೂಕು ಬಾಯಿಮಾತಿನದಲ್ಲ. ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ, ಅಲ್ಲಿನ ಮ್ಯಾಂಗನೀಸ್ ಗಣಿಗೆ ದುಡಿಯಲು ಹೋದ ಬಾಗಲಕೋಟೆ ಕಡೆಯ ಸಂಸಾರಗಳಲ್ಲಿ ಅವಳದೂ ಒಂದು. ಆಗ ಅವಳಿಗೆ ಹದಿನೈದು, ಮದುವೆಯಾಗಿ ಎಂಟು ತಿಂಗಳು. ಗಂಡ ಗಣಿಯ ಸಿಡಿಮದ್ದನ್ನು ಕದ್ದು, ಕಾಡಿನಲ್ಲಿದ್ದ ಹೋರಾಟಗಾರರಿಗೆ ದಾಟಿಸುತ್ತಿದ್ದ. ಒಂದು ಬೆಳಿಗ್ಗೆ ಅದೇ ಮದ್ದಿಗೆ ಊರಿನ ಪೊಲೀಸ್ ಚೌಕಿ ಸಿಡಿದು ಹಾರಿತು. ಅರ್ಧ ತಾಸು ಗುಂಡಿನ ಕಾಳಗ. ಹೋರಾಟಗಾರರು ಕಾಡು ಸೇರಿದರು, ಸಿಪಾಯಿಗಳು ಊರು ಹೊಕ್ಕು ಗಂಡಸರನ್ನು ಸಾಲಾಗಿ ನಿಲ್ಲಿಸಿದರು. ಮದ್ದು ಸಾಗಿಸಿದವರ ಹೆಸರಿನ ಚೀಟಿ ಪೋರ್ಚುಗೀಸ್ ಸಾಹೇಬನ ಕೈಯಲ್ಲಿತ್ತು. ಯಾವ ಹೆಸರು ಯಾವ ಮುಖದ್ದೋ ತಿಳಿದಿರಲಿಲ್ಲ. ಗಂಡಸರು ಸುಳ್ಳು ಹೇಳುತ್ತಾರೆಂದು, ಹೆಂಗಸರನ್ನು ಒಬ್ಬೊಬ್ಬರಾಗಿ ಗಂಡನೆದುರು ನಿಲ್ಲಿಸಿ ಹೆಸರು ಕೇಳಲು ದುಭಾಷಿಗೆ ಹೇಳಿದ.

ದುಭಾಷಿ ಗಂಗವ್ವನ ಮುಂದೆ ಬಂದ. "ನಿನ್ನ ಗಂಡನ ಹೆಸರೇನು?"

"ಗಂಡನ ಹೆಸರು ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗ್ತೈತ್ರಿ."

ಹಿರಿಯರ ಆ ಮಾತು ಅಷ್ಟು ಕರಾರುವಾಕ್ಕಾಗಿ ನಿಜವಾದದ್ದು ಅದೊಂದೇ ದಿನ.

ಬಂದೂಕಿನ ತುದಿ ಎದೆಗೆ ಬಂತು. "ಪಕ್ಕದವನದು ಹೇಳು."

"ಅವರು ಮಾವ ಆಗಬೇಕ್ರಿ."

"ಅವನಾಚೆಯವನು?"

"ಭಾವ. ಅವರ ಹೆಸರೂ ತಗೋಬಾರದು."

"ಆ ಮುದುಕ?"

"ಅಯ್ಯ, ಅವರಂತೂ ದೊಡ್ಡ ಮಾವ!"

ಹಿಂದಿದ್ದ ಹೆಂಗಸರಿಗೆ ದಾರಿ ಸಿಕ್ಕಿತು. ಎಲ್ಲರೂ ತಲೆಗೆ ಸೆರಗೆಳೆದರು; ಒಂದೇ ಗಳಿಗೆಯಲ್ಲಿ ಊರಿಗೆ ಊರೇ ಬೀಗರಾದರು. ತನ್ನ ಮನೆಯಲ್ಲೂ ಹೀಗೇ ಎಂದು ದುಭಾಷಿ ಸಾಹೇಬನಿಗೆ ವಿವರಿಸಬೇಕಾಯಿತು. ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿ, ಬಂದೂಕಿನ ಹಿಡಿಯಿಂದ ಗಂಗವ್ವನ ಹಲ್ಲೊಂದನ್ನು ಉದುರಿಸಿ, ಒಂದು ಹೆಸರೂ ಸಿಗದೆ ಸಿಪಾಯಿಗಳು ಹೊರಟರು.

ಕ್ಲಿನಿಕ್ಕಿನಲ್ಲಿ ಹೆಸರು ಬರೆದವನು ಶಿವರಾಜ್. ಅವಳು ಅದನ್ನೂ ನೋಡಲಿಲ್ಲ.

ಅಂದು ಅವಳು 'ಭಾವ' ಎಂದದ್ದು ನನ್ನ ಅಪ್ಪನನ್ನು. ಚೀಟಿಯಲ್ಲಿ ಅವರ ಹೆಸರೂ ಇತ್ತು. ನಾನು ಹುಟ್ಟಿದ್ದು ಅದಾದ ಏಳು ವರ್ಷಕ್ಕೆ. ಆ ಹುಟ್ಟಿಗೆ ನಾನು ಗಂಗವ್ವನಿಗೆ ಋಣಿ.