ಸರ್ ಅವರ ಉತ್ತರವನ್ನು ಅಳಿಸಿದ ದಿನ

ಭಾಲ್ಕಿಯ ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರು. ಬೋರ್ಡಿನ ಮೇಲೆ ಏನೇ ಬರೆದಿರಲಿ, ಊರಿನವರ ಬಾಯಲ್ಲಿ ದನದ ಡಾಕ್ಟರಮ್ಮ. ಇದರ ಜೊತೆಗೆ ಯಾರೂ ಕೇಳದೆ ಮೈಮೇಲೆ ಎಳೆದುಕೊಂಡ ಇನ್ನೊಂದು ಕೆಲಸವಿದೆ: ಗಡಿ ತಾಲೂಕುಗಳ ಪಶುವೈದ್ಯರಿಗಾಗಿ ಅಂತರ್ಜಾಲದಲ್ಲಿ ಒಂದು ಚರ್ಚಾ ವೇದಿಕೆ ನಡೆಸುವುದು. ಮೊದಲು ನಮಗೂ ಎಲ್ಲರಂತೆ ಮೊಬೈಲಿನಲ್ಲಿ ಒಂದು ಗುಂಪಿತ್ತು. ಕರು ಅಡ್ಡಬಂದು ಒದ್ದಾಡುತ್ತಿರುವ ಎಮ್ಮೆಯ ಫೋಟೋ ಹಾಕಿ ಯಾರೋ ಗೋಗರೆಯುತ್ತಿದ್ದರೆ ಅದರ ಮೇಲೆ ರಾಶಿ ರಾಶಿ ಗುಲಾಬಿ ಹೂವಿನ ಶುಭೋದಯಗಳು ಬಂದು ಬೀಳುತ್ತಿದ್ದವು. ಒಂದು ದಿನ ಸಿಟ್ಟು ನೆತ್ತಿಗೇರಿ ಆ ಗುಂಪಿನಿಂದ ಹೊರಬಿದ್ದು ಈ ವೇದಿಕೆ ಕಟ್ಟಿದೆ. ಇಲ್ಲಿ ಒಂದು ಕೇಸಿಗೆ ಒಂದು ಪುಟ. ಪ್ರಶ್ನೆ ಮೇಲೆ, ಉತ್ತರಗಳು ಕೆಳಗೆ. ಶುಭೋದಯ ಹೇಳಿದವರನ್ನು ಒಂದು ವಾರ ಹೊರಗಿಡುತ್ತೇನೆ. ಬೆನ್ನ ಹಿಂದೆ ನನ್ನನ್ನು ಹೆಡ್‌ಮಾಸ್ಟರಮ್ಮ ಅನ್ನುತ್ತಾರೆಂದು ಗೊತ್ತು. ಅನ್ನಲಿ.

ಇಲ್ಲಿ ಯಾರೂ ಸ್ವಂತ ಹೆಸರಿನಲ್ಲಿಲ್ಲ. ನೌಕರಿಯ ಊರೇ ನಮ್ಮ ಹೆಸರು. ನಾನು ಭಾಲ್ಕಿ, ಇನ್ನೊಬ್ಬರು ಕಮಲನಗರ, ಮತ್ತೊಬ್ಬರು ಸಾಯಗಾಂವ. ವರ್ಗವಾದರೆ ಹೆಸರೂ ವರ್ಗ. ಊರಿಲ್ಲದವರು ಒಬ್ಬರೇ, ಅವರನ್ನು ಎಲ್ಲರೂ ಕರೆಯುವುದು ‘ಸರ್’ ಎಂದು. ನಮ್ಮಲ್ಲಿ ಹೆಚ್ಚಿನವರಿಗೆ ಕಾಲೇಜಿನಲ್ಲಿ ಪಾಠ ಹೇಳಿದವರು. ನಿವೃತ್ತರಾಗಿ ಬೀದರಿನ ಹಳೇ ಊರಿನಲ್ಲಿದ್ದಾರೆ. ಪ್ರಶ್ನೆ ಯಾವಾಗ ಬಿದ್ದರೂ ಮೊದಲ ಉತ್ತರ ಅವರದು, ಮತ್ತು ಅದು ಸರಿಯಾಗಿಯೇ ಇರುತ್ತಿತ್ತು. ಅವರ ಉತ್ತರ ಬಂತೆಂದರೆ ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬೀಳುತ್ತಿದ್ದವು. ಅಲ್ಲಿಗೆ ಆ ಪುಟ ಮುಗಿಯಿತು. ಚರ್ಚೆಗೆಂದು ಕಟ್ಟಿದ ಜಾಗದಲ್ಲಿ ಚರ್ಚೆಯೇ ಇಲ್ಲವಲ್ಲ ಎಂದು ನನಗೆ ಆಗಾಗ ಅನಿಸುತ್ತಿತ್ತು. ಆದರೆ ಉತ್ತರ ಸರಿಯಿದ್ದ ಮೇಲೆ ಯಾಕೆ ತಕರಾರು ತೆಗೆಯಬೇಕು?

ಆ ದಿನ ಬೀದರಿನಲ್ಲಿ ಜಿಲ್ಲಾ ಮಟ್ಟದ ಸಭೆಯಿತ್ತು. ಮಳೆ ಶುರುವಾದ ಮೇಲಿನ ಮೊದಲ ಸಭೆ. ಲಸಿಕೆ ಎಲ್ಲೆಲ್ಲಿ ಎಷ್ಟು ಹಾಕಿದ್ದೀರಿ ಎಂದು ಸಾಹೇಬರು ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಕೇಳುತ್ತಿದ್ದರು. ನನ್ನ ಸರದಿ ಮುಗಿದಿತ್ತು. ಮೇಜಿನ ಕೆಳಗೆ ಮೊಬೈಲ್ ತೆರೆದೆ.

ಔರಾದ ಹೆಸರಿನಲ್ಲಿ ಹೊಸ ಪುಟ. ಔರಾದ ಎಂದರೆ ಸರ್ ನಿವೃತ್ತರಾಗುವ ವರ್ಷದ ಕೊನೆಯ ಬ್ಯಾಚಿನ ಹುಡುಗ, ಮೊದಲ ನೌಕರಿ, ಬಂದು ಕೆಲವೇ ತಿಂಗಳಾಗಿತ್ತು. ಗಡಿಯ ಒಂದು ಹಳ್ಳಿಯಿಂದ ಬರೆದಿದ್ದ: “ಎಮ್ಮಿ ನಿನ್ನಿ ಸಂಜಿತನಕ ಬರಾಬರ್ ಇತ್ತಂತ. ಎಳೀ ಜ್ವಾಳದಾಗ ಹೊಕ್ಕಿತ್ತಂತ. ಮುಂಜಾನಿ ನೋಡಿದ್ರ ಸತ್ತದ. ಹೊಟ್ಟಿ ಉಬ್ಬ್ಯಾದ. ವಿಮಾ ಅದ, ಪೋಸ್ಟ್‌ಮಾರ್ಟಂ ಮಾಡ್ರಿ ಅಂತ ಮನಿಯವರು ಕುಂತಾರ. ಫೋಟೋ ನೋಡಿ ಹೇಳ್ರಿ.”

ಅದರ ಕೆಳಗೆ ಸರ್ ಉತ್ತರ ಆಗಲೇ ಬಂದಿತ್ತು. ಎಳೇ ಜೋಳದ ವಿಷ. ಕೊಯ್ದು ಹೊಟ್ಟೆಯೊಳಗಿನ ಮೇವಿನ ಸ್ಯಾಂಪಲ್ ತೆಗೆ. ಇಂಥ ಬಾಟಲಿಯಲ್ಲಿ, ಇಂಥ ದ್ರಾವಣದಲ್ಲಿ ಹಾಕಿ ಕಳಿಸು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಕಮಲನಗರದ್ದು ಇತ್ತು, ಸಾಯಗಾಂವದ್ದು ಇತ್ತು. ಕೊನೆಗೆ ಹುಡುಗನದೇ ಸಾಲು: “ಆಯ್ತ್ರಿ ಸರ್, ಶುರು ಮಾಡ್ತೇನಿ.”

ಫೋಟೋ ನಿಧಾನವಾಗಿ ತೆರೆಯಿತು. ಎಮ್ಮೆಯ ಮೂಗಿನಿಂದ ರಕ್ತ ಹರಿದಿತ್ತು. ಕಪ್ಪಾದ, ಹೆಪ್ಪುಗಟ್ಟದ, ಮಣ್ಣಿನ ಮೇಲೆ ಡಾಂಬರಿನ ಹಾಗೆ ತೆಳ್ಳಗೆ ಹರಡಿದ ರಕ್ತ. ಬಾಲದ ಕೆಳಗೂ ಅದೇ.

ನೆರಡಿ ರೋಗ. ಆಂಥ್ರಾಕ್ಸ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಹೀಗೆ ಸತ್ತ ದನವನ್ನು ಕೊಯ್ಯಬಾರದು ಎನ್ನುವುದು ನಮ್ಮ ವೃತ್ತಿಯ ಮೊದಲ ಪಾಠ. ಕೊಯ್ಯದ ಹೆಣದಲ್ಲಿ ಆ ರೋಗಾಣು ತಾನಾಗಿ ಸಾಯುತ್ತದೆ. ಕೊಯ್ದರೆ ಗಾಳಿ ತಾಗಿ ಗಟ್ಟಿಯಾಗಿ, ವರ್ಷಗಟ್ಟಲೆ ಆ ಮಣ್ಣಿನಲ್ಲಿ ಕೂತಿರುತ್ತದೆ. ಅದಕ್ಕಿಂತ ಮೊದಲು ಕೊಯ್ದವನ ಚರ್ಮದ ಗೀರಿನಲ್ಲಿ, ಉಸಿರಿನಲ್ಲಿ ಹೊಗುತ್ತದೆ. ಉಸಿರಿನಲ್ಲಿ ಹೊಕ್ಕರೆ ಮನುಷ್ಯ ಉಳಿಯುವುದು ಕಷ್ಟ. ಹುಡುಗ ಚಾಕು ಹಿಡಿದು ಹೋಗಿದ್ದಾನೆ.

ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ಆ ಕಡೆಯ ಹಳ್ಳಿಗಳಲ್ಲಿ ಸಿಗ್ನಲ್ ಸಿಕ್ಕರೆ ಮಹಾರಾಷ್ಟ್ರಕ್ಕೆ ಸ್ವಾಗತ ಎಂದು ಸಂದೇಶ ಬರುತ್ತದೆ, ಇಲ್ಲದಿದ್ದರೆ ಏನೂ ಬರುವುದಿಲ್ಲ. ಕೊಯ್ಯಬೇಡ, ಕಿವಿಯಿಂದ ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ ಸಾಕುಮಾಡು, ಯಾರೂ ಮುಟ್ಟದ ಹಾಗೆ ನೋಡಿಕೋ, ಕಾರಣ ಹೀಗೆ ಹೀಗೆ ಎಂದು ಪುಟದಲ್ಲಿ ಉದ್ದಕ್ಕೆ ಬರೆದೆ. ಬರೆದು ನೋಡಿದರೆ ನನ್ನ ಮಾತು ಕೈಮುಗಿದ ಸಾಲುಗಳೆಲ್ಲ ಮುಗಿದ ಮೇಲೆ, ಎಲ್ಲೋ ತಳದಲ್ಲಿ ಬಿದ್ದಿದೆ. ಮೇಲೆ ಸರ್ ಮಾತು ಹಾಗೇ ಇದೆ. ಸರಿಯಾಗಿ ಸಿಗ್ನಲ್ ಇಲ್ಲದ ಮೊಬೈಲಿನಲ್ಲಿ ಮೊದಲು ಕಾಣುವುದು ಅದೇ.

ಅಳಿಸುವ ಅಧಿಕಾರ ನನಗೆ ಮಾತ್ರ ಇದೆ. ಅಳಿಸಿದರೆ ಆ ಜಾಗದಲ್ಲಿ ‘ಈ ಉತ್ತರವನ್ನು ನಿರ್ವಾಹಕರು ತೆಗೆದಿದ್ದಾರೆ’ ಎಂದು ಬರುತ್ತದೆ. ಹೂವಿನವರಿಗೆ, ಔಷಧ ಕಂಪನಿಯ ಜಾಹೀರಾತಿನವರಿಗೆ ಧಾರಾಳವಾಗಿ ಆ ಗುಂಡಿ ಒತ್ತಿದ್ದೇನೆ. ಸರ್ ಮಾತಿನ ಮೇಲೆ ಯಾವತ್ತೂ ಇಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಸಹೋದ್ಯೋಗಿ ನನ್ನ ಮೊಬೈಲಿಗೆ ಕಣ್ಣು ಹಾಯಿಸಿ, ಬಗ್ಗಿ, ಪಿಸುಗುಟ್ಟಿದರು.

“ಅಳಸಬ್ಯಾಡ್ರಿ ಮೇಡಂ. ಮೊದಲ ಸರ್‌ಗ ಫೋನ್ ಹಚ್ಚ್ರಿ. ಅವರೇ ತೆಗೀತಾರ.”

ಹಚ್ಚಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಇನ್ನೊಮ್ಮೆ ಹಚ್ಚಿದೆ. ಎತ್ತಲಿಲ್ಲ.

“ಫೋಟೋ ನೋಡೀರೇನ್ರಿ?” ಎಂದು ಆ ಸಹೋದ್ಯೋಗಿಯನ್ನು ಕೇಳಿದೆ.

“ನೋಡೇನ್ರಿ.” ಅವರು ಸಾಹೇಬರ ಕಡೆಗೆ ಮುಖ ತಿರುಗಿಸಿಕೊಂಡರು. ಅವರ ಊರಿನ ಹೆಸರೂ ಕೈಮುಗಿದವರ ಆ ಸಾಲಿನಲ್ಲಿತ್ತು.

ನನ್ನ ಹೆಬ್ಬೆರಳು ಆ ಗುಂಡಿಯ ಮೇಲೆ ಎಷ್ಟು ಹೊತ್ತು ನಿಂತಿತೋ ಗೊತ್ತಿಲ್ಲ. ಕಾಲೇಜಿನಲ್ಲಿ ದನದ ಕೊಟ್ಟಿಗೆಗೆ ಇಳಿಯಲು ಹುಡುಗಿಯರು ಹಿಂಜರಿದಾಗ ತಮ್ಮ ಗಂಬೂಟು ಬಿಚ್ಚಿ ನನ್ನ ಮುಂದಿಟ್ಟು, ತಾವು ಬರಿಗಾಲಿನಲ್ಲಿ ಮುಂದೆ ನಡೆದ ಮನುಷ್ಯ ಅವರು. ಆ ಹೊತ್ತಿನಲ್ಲಿ ಅದೇ ನೆನಪಾಗಬೇಕೆ? ಒತ್ತಿದೆ. ಸರ್ ಮಾತು ಹೋಯಿತು. ಕೈಮುಗಿದ ಚಿತ್ರಗಳು ಮಾತ್ರ ಹಾಗೇ ಉಳಿದವು.

ಎದ್ದು ನಿಂತೆ. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು.

“ಎಲ್ಲಿಗ್ರಿ ಡಾಕ್ಟ್ರೇ?”

“ಔರಾದ ಕಡಿ ಒಂದು ಎಮ್ಮಿ ಸತ್ತದ್ರಿ ಸಾಹೇಬ್ರ. ಹೋಗಬೇಕ್ರಿ.”

“ಸತ್ತ ಎಮ್ಮಿಗೆ ಏನ್ರಿ ಇಷ್ಟು ಗಡಿಬಿಡಿ?” ಎಂದು ಅವರು ನಕ್ಕರು. ಸಭೆಯೂ ನಕ್ಕಿತು.

“ನೆರಡಿ ಇದ್ದಂಗ ಕಾಣಸ್ತದ್ರಿ. ನಮ್ಮ ಡಾಕ್ಟರ್ ಕೊಯ್ಲಿಕ್ಕ ಹೋಗ್ಯಾನ್ರಿ,” ಎಂದೆ. ನಗು ಅಲ್ಲೇ ನಿಂತಿತು. ಸಾಹೇಬರು ತಮ್ಮ ಜೀಪಿನ ಡ್ರೈವರನ್ನು ಕೂಗಿದರು.

ಜೀಪಿನಲ್ಲಿ ಕೂತೇ ಕಮಲನಗರದ ಡಾಕ್ಟರಿಗೆ ಫೋನ್ ಮಾಡಿದೆ. ಸಭೆಗೆ ಬಾರದೆ ಊರಲ್ಲೇ ಉಳಿದವರಲ್ಲಿ ಆ ಹಳ್ಳಿಗೆ ಹತ್ತಿರವಿರುವವರು ಅವರೇ. ಮೋಟಾರ್ ಸೈಕಲ್ ತಗೊಂಡು ಓಡ್ರಿ, ಎಮ್ಮೆ ಕೊಯ್ಯುವುದನ್ನು ನಿಲ್ಲಿಸ್ರಿ ಎಂದೆ. “ಹೊಂಟೆ ಮೇಡಂ,” ಎಂದರು. ಯಾಕೆ ಎಂದು ಅವರು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಔರಾದ ರಸ್ತೆಯಲ್ಲಿ ಜೀಪು ಬಸ್ಸುಗಳ ಹಿಂದೆ ಸಿಕ್ಕಿಕೊಂಡಿತು. ಎರಡೂ ಕಡೆ ಮಳೆಗೆ ನೆಂದ ಎರೆ ಹೊಲ, ಕರ್ರಗೆ. ಈ ಹೊಲಗಳ ಒಳಗೆ ಎಂದೋ ಹೂತ ಯಾವುದೋ ದನದ ರೋಗಾಣು ಮಳೆ ಬಿದ್ದು ಮೇಲೆದ್ದಿರಬಹುದು ಅನಿಸಿತು. ಹುಡುಗನಿಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಅವನ ತಾಯಿಗೆ ಏನು ಹೇಳಲಿ ಎಂದು ಯೋಚಿಸಲು ಶುರುಮಾಡಿಬಿಟ್ಟಿದ್ದೆ; ಆಕೆ ಯಾರು, ಎಲ್ಲಿರುತ್ತಾರೆ ಎಂಬುದೂ ನನಗೆ ತಿಳಿಯದು. ಡ್ರೈವರ್ ಎರಡು ಸಲ ನನ್ನ ಮುಖ ನೋಡಿ, ಹಾಡು ಬಂದ್ ಮಾಡಿದ.

ಜೀಪು ಇನ್ನೂ ಔರಾದ ತಲುಪಿರಲಿಲ್ಲ, ಫೋನ್ ಬಂತು. ಹುಡುಗನದೇ.

“ಮೇಡಂ, ನಾ ಏನರ ತಪ್ಪು ಮಾಡೇನೇನ್ರಿ? ಸರ್ ಬರದದ್ದು ಯಾಕ ತೆಗದ್ರಿ?”

“ಕೊಯ್ದಿ ಏನು?” ನನ್ನ ದನಿ ಕಿರುಚಿದಂತೆ ಬಂತು. “ಮೊದಲ ಅದು ಹೇಳು. ಕೊಯ್ದಿ ಏನು?”

“ಇಲ್ರಿ ಮೇಡಂ. ಕೈಗವಸು ಹಾಕ್ಕೊಂಡಿದ್ದೆ, ಚಾಕು ತಗದಿದ್ದೆ. ಸ್ಯಾಂಪಲ್ ಯಾವ ದ್ರಾವಣದಾಗ ಹಾಕ್ಬೇಕಂತ ಸರ್ ಬರದದ್ದು ಮರ್ತು ಹೋಯ್ತ್ರಿ. ನೋಡ್ಲಿಕ್ಕಂತ ನೀರಿನ ಟಾಕಿ ಮ್ಯಾಲ ಹತ್ತಿದೆ, ಅಲ್ಲೇ ಜರಾ ಸಿಗ್ನಲ್ ಬರ್ತದ. ತೆಗದ್ರ ಸರ್ ಉತ್ತರಾನೇ ಇಲ್ಲ. ನಿರ್ವಾಹಕರು ತೆಗೆದಿದ್ದಾರೆ ಅಂತ ಬಂತ್ರಿ. ಜೀವಾ ಧಡಕ್ಕಂತ್ರಿ.”

“ಕೆಳಗ ನಾ ಬರದದ್ದು ಓದ್ಲಿಲ್ಲೇನು?”

“ಅದು ಬರ್ಲೇ ಇಲ್ರಿ, ಗಿರಗಿರ ತಿರಗ್ಲಿಕ್ಕತ್ತದ. ಸರ್ ಮಾತು ಅಳಸ್ಯಾರಂದ್ರ ಏನೋ ಭಾಳ ದೊಡ್ಡದಾಗ್ಯಾದ ಅಂತ, ಎಮ್ಮಿ ಹತ್ರ ಹೋಗ್ಲೇ ಇಲ್ಲ.”

ಅಷ್ಟು ಕಷ್ಟಪಟ್ಟು ಕಾರಣ ಕೊಟ್ಟು ಬರೆದದ್ದು ಅವನಿಗೆ ತಲುಪಿರಲೇ ಇಲ್ಲ. ಅವನ ಕೈ ಹಿಡಿದದ್ದು ಆ ಒಂದು ಸಾಲು. ನಾನು ಜೀಪಿನಲ್ಲಿ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ನಾವು ಹೋಗುವಷ್ಟರಲ್ಲಿ ಕಮಲನಗರದವರು ಬಂದು ಎಮ್ಮೆಯ ಸುತ್ತ ಮುಳ್ಳುಕಂಟಿ ಹಾಕಿಸಿದ್ದರು. ಚರ್ಮ ಸುಲಿಯಲು ಬಂದಿದ್ದವರನ್ನು ಮರಾಠಿಯಲ್ಲಿ ಗದರಿಸಿ ಕಳಿಸಿದ್ದರು. ಮನೆಯ ಹೆಣ್ಣುಮಗಳು ಒಂದೇ ಸಮ ಅಳುತ್ತಿದ್ದಳು. ಅವಳನ್ನು ಕೂರಿಸಿ, ಕೊಯ್ಯದೆಯೂ ವಿಮೆಯ ಕಾಗದ ಮಾಡಿಕೊಡುತ್ತೇನೆ ಎಂದು ಹೇಳುವುದೇ ದೊಡ್ಡ ಕೆಲಸವಾಯಿತು. ಕಿವಿಯ ರಕ್ತ ಸವರಿದ ಗಾಜು ಪ್ರಯೋಗಾಲಯಕ್ಕೆ ಹೋಯಿತು. ಆಳದ ಗುಂಡಿ ತೋಡಿಸಿ, ಸುಣ್ಣ ಸುರಿದು, ಇಡೀ ಎಮ್ಮೆಯನ್ನು ಹೂಳಿಸಿದೆವು. ಮುಟ್ಟಿದವರಿಗೆಲ್ಲ ಆರೋಗ್ಯ ಇಲಾಖೆಯವರು ಮಾತ್ರೆ ಕೊಟ್ಟರು. ಮುಂದೆ ವರದಿ ಬಂತು: ನೆರಡಿಯೇ.

ಹುಡುಗ ಜೀಪಿನ ತನಕ ಬಂದ. “ಮೇಡಂ, ಫೋಟೋ ತೆಗೀತಾನೇ ನಂಗ ಅನುಮಾನ ಇತ್ರಿ,” ಎಂದ. “ಆದ್ರ ಸರ್ ಹೇಳಿದ ಮ್ಯಾಲ...” ಬಯ್ಯಬೇಕೆಂದು ಬಾಯಿ ತೆರೆದವಳು ಜೀಪಿನಲ್ಲಿದ್ದ ನೀರಿನ ಬಾಟಲಿ ತೆಗೆದು ಅವನಿಗೆ ಕೊಟ್ಟೆ.

ಅದೇ ಸಂಜೆ ಸರ್ ವೇದಿಕೆಯಿಂದ ಹೊರಗೆ ಹೋದರು. ಒಂದು ಮಾತು ಬರೆಯಲಿಲ್ಲ. ನನಗೆ ಖಾಸಗಿಯಾಗಿ ಸಂದೇಶಗಳು ಬರತೊಡಗಿದವು. ಅಳಿಸಿದ್ದು ಸರಿ, ಆದರೂ ದೊಡ್ಡವರು, ಹೋಗಿ ಕಾಲಿಗೆ ಬೀಳ್ರಿ. ಕ್ಷಮೆ ಕೇಳಲು ನಾನೇನು ಕಳ್ಳತನ ಮಾಡಿದ್ದೆನೆ? ಮೈ ಉರಿಯಿತು. ಆದರೆ ಅವರಿಲ್ಲದ ವೇದಿಕೆಯಲ್ಲಿ ಪ್ರಶ್ನೆಗಳು ಉತ್ತರವಿಲ್ಲದೆ ಬಿದ್ದಿರತೊಡಗಿದವು. ಯಾರೂ ಮೊದಲು ಬಾಯಿಬಿಡಲು ತಯಾರಿರಲಿಲ್ಲ. ವರದಿ ಬಂದ ಮೇಲೆ, ಒಂದು ರವಿವಾರ ಬೀದರಿಗೆ ಹೋದೆ. ವಾಪಸ್ ಬನ್ನಿ ಎಂದು ಕರೆಯಬೇಕು, ಬಯ್ದರೆ ಬಯ್ಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಹಳೇ ಊರಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಅವರ ಹೆಂಡತಿ ಚಹಾ ಇಟ್ಟು ಒಳಗೆ ಹೋದರು. ಸರ್ ನನ್ನನ್ನು ನೋಡಲಿಲ್ಲ, ಕಪ್ಪನ್ನೇ ನೋಡುತ್ತಿದ್ದರು.

“ಸರ್, ನಾ ಅಳಸಿದ್ದು ನಿಮಗ...” ಎಂದು ಶುರುಮಾಡಿದೆ.

“ಅಳಸಿದ್ದು ಬರಾಬರ್ ಅದ,” ಎಂದರು. “ಫೋಟೋ ತೆರೀಲಿಲ್ಲ ಅವ್ವಾ. ಕಾಯೋ ತಾಳ್ಮಿ ಇರ್ಲಿಲ್ಲ. ಮೊದಲನೇ ಉತ್ತರ ನಂದೇ ಆಗಬೇಕಂತ ಚಟಾ. ಬರದು, ಫೋನ್ ಚಾರ್ಜಿಗೆ ಹಚ್ಚಿ, ಜಳಕಕ್ಕ ಹೋದೆ. ಬಂದು ನೋಡಿದ ಮ್ಯಾಲ ಕೈಕಾಲು ತಣ್ಣಗಾದವು. ನಿನ್ನ ಮ್ಯಾಲ ಸಿಟ್ಟಿಲ್ಲ.”

“ಮತ್ತ ಯಾಕ ಬಿಟ್ಟ್ರಿ ಸರ್?”

ಅವರು ಕಪ್ಪನ್ನು ಪಕ್ಕಕ್ಕೆ ಸರಿಸಿದರು.

“ಕೈ ಮುಗದವರಿಗೆಲ್ಲ ಫೋನ್ ಮಾಡ್ದೆ. ಒಬ್ಬೊಬ್ಬರಿಗೂ. ಫೋಟೋ ನೋಡಿದ್ರೇನು ಅಂತ ಕೇಳ್ದೆ. ನೋಡಿದ್ವಿ ಸರ್ ಅಂದ್ರು. ಏನು ಅನಸ್ತು? ನೆರಡಿ ಅನಸ್ತು ಸರ್. ಮತ್ತ ಯಾಕ ಹೇಳ್ಲಿಲ್ಲ ಅಂದೆ. ನೀವು ಹೇಳಿದ್ರಲ್ಲ ಸರ್ ಅಂದ್ರು.” ಅವರ ದನಿ ಒಡೆಯಿತು. “ಎಲ್ರೂ ಅದೇ ಅಂದ್ರು. ಕೊಯ್ಯಬಾರ್ದು ಅಂತ ಅವರಿಗೆಲ್ಲ ಕಲಿಸಿದಾಂವ ನಾನೇ. ಪಾಠ ಯಾರೂ ಮರ್ತಿಲ್ಲ ಅವ್ವಾ. ಎಲ್ಲಾ ಗೊತ್ತಿದ್ದೂ ಆ ಪೋರನ್ನ ಕೊಯ್ಲಿಕ್ಕ ಕಳಿಸಿದ್ರು. ನಾ ಅಲ್ಲಿದ್ರ ಯಾರೂ ಬಾಯಿ ಬಿಡಂಗಿಲ್ಲ.”

ನಾನು ಅವರನ್ನು ಕರೆಯಲು ಬಂದಿದ್ದೆ. ಕರೆಯಲಿಲ್ಲ. ಚಹಾ ಆರಿಹೋಗಿತ್ತು, ಇಬ್ಬರೂ ಕುಡಿಯಲಿಲ್ಲ.